ಚಿಗರಿ ನೋಡಲು ಹೋದ ಎಳ್ಳಮಾವಾಸ್ಯೆ

ಬೀದರನ್ನು ಹೊರಗಿನವರಿಗೆ ತೋರಿಸುವುದಕ್ಕೆ ಒಂದು ಕ್ರಮವಿದೆ. ಹೆಚ್ಚಿನವರು ಕೋಟೆಯ ಬಾಗಿಲಿನಿಂದ ಶುರು ಮಾಡುತ್ತಾರೆ. ಕೋಟೆ ನೋಡಿದ ಮೇಲೆ ಉಳಿದದ್ದೆಲ್ಲ ಸಣ್ಣದಾಗಿ ಕಾಣುತ್ತದೆ, ಕಾಲೂ ಸೋತಿರುತ್ತವೆ. ನಾನು ಹಾಗೆ ಮಾಡಲಿಲ್ಲ. ಹೈದರಾಬಾದಿನಿಂದ ಬಂದ ಹೆಂಗಸರನ್ನು ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಮೋಟಾರಿನ ಪರದೆಗಳನ್ನು ಬಿಗಿಯಾಗಿ ಕಟ್ಟಿಸಿ, ಊರನ್ನು ಬಳಸಿ ನೇರವಾಗಿ ಕೆಂಪು ನೆಲ ಮುಗಿಯುವ ಅಂಚಿಗೆ ಒಯ್ದೆ. ಅಲ್ಲಿ ಡ್ರೈವರ್ ಖಾಜಾ ಮಿಯಾನನ್ನು ದೂರದ ಬೇವಿನ ಮರದ ಕೆಳಗೆ ಕಳಿಸಿ, ಆಮೇಲೆ ಪರದೆ ಎತ್ತಿದೆ.

ನಮ್ಮ ಊರು ದೊಡ್ಡದೊಂದು ಕೆಂಪು ಕಲ್ಲಿನ ಹಲಗೆಯ ಮೇಲೆ ಕೂತಿದೆ. ಆ ಹಲಗೆ ಅಲ್ಲಿ ಒಮ್ಮೆಲೇ ತುಂಡಾಗುತ್ತದೆ. ಕೆಳಗೆ ಕಪ್ಪು ನೆಲ, ಕಣ್ಣು ಹೋದಷ್ಟು ದೂರ ಜೋಳ, ಕಡಲೆ, ಕುಸುಬೆ. ಕೆಂಪು ಕಲ್ಲು ಕೆಳಗಿನ ಕರಿಕಲ್ಲನ್ನು ಮುಟ್ಟುವ ಗೆರೆಯಲ್ಲಿ ನೀರು ಜಿನುಗುತ್ತಿರುತ್ತದೆ. ನಾವು ಹತ್ತು ಮೆಟ್ಟಿಲಿನಷ್ಟು ಇಳಿದು ಆ ನೀರಿಗೆ ಕೈ ಒಡ್ಡಿದೆವು.

ಗುಂಪಿನ ಹಿರಿಯರು ಬೇಗಂ ಸಾಹೇಬಾ. ತೀರಿಕೊಂಡ ಕುತುಬೋದ್ದೀನ ಸಾಹೇಬರ ಪತ್ನಿ; ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅವರು ಆಡುತ್ತಿದ್ದುದು ಹೈದರಾಬಾದಿನ ಉರ್ದು. ಇಲ್ಲಿ ಅದನ್ನು ನನ್ನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಬೊಗಸೆಯಲ್ಲಿ ನೀರು ಹಿಡಿದು ಅವರು ಕೇಳಿದರು:

"ಇದನ್ನು ಸೋಸುವವರು ಯಾರು?"

"ಕಲ್ಲೇ ಸೋಸುತ್ತದೆ, ಬೇಗಂ ಸಾಹೇಬಾ."

"ಒಳ್ಳೆಯ ನೌಕರ. ಮಾತಾಡುವುದಿಲ್ಲ, ರಜೆ ಕೇಳುವುದಿಲ್ಲ," ಎಂದು ಅವರು ಕುಡಿದರು.

ಅವರ ಹಿಂದೆ ನಿಂತಿದ್ದ ಜಿಜಾಬಾಯಿ ಕುಡಿಯಲಿಲ್ಲ. ಜಿಜಾಬಾಯಿ ಉದಗೀರಿನವರು, ನಿವೃತ್ತ ಹೆಡ್ ಮಾಸ್ತರಿಣಿ, ಬೇಗಂ ಸಾಹೇಬಾರ ಮಹಿಳಾ ಪ್ರವಾಸ ಸಂಘದ ಕಾರ್ಯದರ್ಶಿ. ಬಿಳಿ ಸೀರೆ, ಸೊಂಟದಲ್ಲಿ ಗಡಿಯಾರ. "ನೀರ ಛಲೋ ಅದ ಶಿವಕಾಂತಾಬಾಯಿ," ಎಂದು ಅವರು ನನ್ನ ಕಡೆ ನೋಡಿದರು. "ಆದ್ರ ನೀವ ಮೊದಲ ಕುಡದ ತೋರಿಸ್ಲಿಲ್ಲ. ಹಿರಿಯಾರ ಕುಡದ್ರ ನೀವ ನೋಡ್ಕೋತ ನಿಂತ್ರಿ."

"ಮೊನ್ನಿ ಬಂದು ಕುಡದ ಹೋಗೇನ್ರಿ. ಎರಡ ದಿನಾ ಕಾದ ನೋಡೇನಿ, ಏನೂ ಆಗ್ಲಿಲ್ಲ," ಎಂದೆ. ಅದು ನಿಜ. ನನ್ನ ಸ್ವಭಾವ ಅಂಥದು. ದಾರಿಯ ಪ್ರತಿ ತಗ್ಗನ್ನೂ ನಾನು ಮೊದಲೇ ಹೋಗಿ ನೋಡಿ ಬಂದಿದ್ದೆ.

ಹಾಗೆ ನೋಡಿ ಬರಲು ಕಾರಣವಿತ್ತು. ಅದು ೧೯೩೨ರ ಕೊನೆ. ನಾನು ಪುಣೆಯಲ್ಲಿ ಕಾಲೇಜು ಮುಗಿಸಿ ಬಂದು ಬೀದರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬೇಗಂ ಸಾಹೇಬಾರ ಸಂಘಕ್ಕೆ ಒಬ್ಬ ಹೆಂಗಸು ಬೇಕಾಗಿತ್ತು. ಹೈದರಾಬಾದ್ ರಿಯಾಸತ್ತಿನೊಳಗಿನ ನೋಡತಕ್ಕ ಜಾಗಗಳಿಗೆ ಮೊದಲು ತಾನು ಹೋಗಿ, ದಾರಿ, ನೀರು, ಇಳಿದುಕೊಳ್ಳುವ ಮನೆ, ಪರದೆ ಎಲ್ಲ ಗೊತ್ತು ಮಾಡಿ, ಆಮೇಲೆ ಹೆಂಗಸರನ್ನು ಕರೆದೊಯ್ಯುವವಳು. ವೆರೂಳಿನ ಗುಹೆ, ಪಾಖಾಲದ ಕೆರೆ, ಗೋದಾವರಿಯ ತಿರುವು. ಭೂಗೋಳದ ಪಾಠದಲ್ಲಿ ನಾನು ಕೋಲಿನಿಂದ ಮುಟ್ಟಿ ತೋರಿಸುತ್ತಿದ್ದ ಜಾಗಗಳು ಅವು, ಒಂದನ್ನೂ ಕಂಡಿರಲಿಲ್ಲ. ಒಂಟಿ ಹೆಂಗಸು ನೋಡಬೇಕೆಂದರೆ ಯಾರು ಕಳಿಸುತ್ತಾರೆ? ಈ ಕೆಲಸ ಸಿಕ್ಕರೆ ನೋಡುವುದೇ ನನ್ನ ಕೆಲಸವಾಗುತ್ತಿತ್ತು. ಜಿಜಾಬಾಯಿಯ ಮನಸ್ಸಿನಲ್ಲಿ ಹೈದರಾಬಾದಿನ ಬೇರೆ ಒಬ್ಬಾಕೆ ಇದ್ದಳು. ಬೇಗಂ ಸಾಹೇಬಾ ನನಗೆ ಒಂದು ಅವಕಾಶ ಕೊಟ್ಟಿದ್ದರು: ನಿನ್ನ ಜಿಲ್ಲೆಯನ್ನು ಮೂರು ದಿನ ತೋರಿಸು, ಆಮೇಲೆ ನೋಡೋಣ.

ಮೊದಲ ದಿನ ಬೀದರ್. ಎರಡನೆಯ ದಿನ ಭಾಲ್ಕಿ, ಅಲ್ಲಿ ಕಾರಂಜಾ ನದಿಯ ಕರಿಬಂಡೆಗಳು. ಮೂರನೆಯ ದಿನ ಮಾಂಜ್ರಾ ದಾಟಿ ಔರಾದ್ ಕಡೆಯ ಹುಲ್ಲು ಮಾಳ, ಅಲ್ಲಿ ಚಿಗರಿ, ಅಂದರೆ ಕೃಷ್ಣಮೃಗದ ಹಿಂಡು. ಈ ಮೂರನೆಯದಕ್ಕಾಗಿಯೇ ಅವರು ಬಂದದ್ದು. ನೀರು ಕುಡಿದು ಕೂತಾಗ ಬೇಗಂ ಸಾಹೇಬಾ ತಾವಾಗಿಯೇ ಹೇಳಿದರು.

"ನಮ್ಮ ದಿವಾನಖಾನೆಯ ಗೋಡೆಯ ಮೇಲೆ ಹನ್ನೊಂದು ಚಿಗರಿ ಇವೆ. ಕುತ್ತಿಗೆಯವರೆಗೆ ಮಾತ್ರ. ಎಲ್ಲವೂ ಸಾಹೇಬರು ಈ ಕಡೆಯ ಮಾಳದಲ್ಲಿ ಹೊಡೆದವು. ಮೂವತ್ತು ವರ್ಷ ಅವುಗಳ ಕೆಳಗೆ ಕೂತು ಊಟ ಮಾಡಿದ್ದೇನೆ. ಕಾಲಿರುವ ಒಂದನ್ನು ನೋಡಬೇಕು."

"ನೋಡುತ್ತೀರಿ," ಎಂದೆ ನಾನು. ಎಲ್ಲ ಗೊತ್ತು ಮಾಡಿದ್ದರಿಂದ ಹಾಗೆ ಹೇಳುವ ಧೈರ್ಯ ಇತ್ತು.

ಅಂದು ಸಂಜೆ ಮನೆಗೆ ಬಂದರೆ ನಮ್ಮ ಸೋದರತ್ತೆ ಸುಂದರಬಾಯಿ ಅಡುಗೆಮನೆಯ ತುಂಬ ಸಜ್ಜೆ ರೊಟ್ಟಿ ಹರವಿದ್ದಳು. ವಾರದಿಂದ ಇದೇ ನಡೆದಿತ್ತು. ಎಳ್ಳು ಹುರಿಯುವುದು, ಶೇಂಗಾ ಕುಟ್ಟುವುದು, ಹೋಳಿಗೆ ಮಾಡಿ ಬುಟ್ಟಿಗೆ ಜೋಡಿಸುವುದು.

"ಇಷ್ಟ ಯಾಕ ಮಾಡ್ತಿ ಅತ್ತಿ? ಅವರ ಉಣ್ಣೂದ ಗುಬ್ಬಿ ಉಂಡಂಗ."

"ಇರ್ಲಿ ಬಿಡವ್ವಾ. ಹೊಲಕ್ಕ ಹೋದಮ್ಯಾಗ ಬಂದವರು ಹೋದವರು ಎಲ್ಲಾರೂ ತಿಂತಾರ."

"ನನ್ನ ಸಲುವಾಗಿ ಎಷ್ಟ ತ್ರಾಸ ತಗೋತಿ," ಎಂದು ನಾನು ಅವಳ ಕೈ ಹಿಡಿದೆ. ಅವಳು ನನ್ನನ್ನು ಒಂದು ಥರ ನೋಡಿದಳು. ದಣಿವಿರಬೇಕೆಂದುಕೊಂಡೆ. ಆ ಬುಟ್ಟಿಯನ್ನೇ ಮರುದಿನ ಮೋಟಾರಿನಲ್ಲಿ ಇಟ್ಟುಕೊಂಡು ಭಾಲ್ಕಿಗೆ ಹೋದೆ.

ಕಾರಂಜಾ ನನ್ನ ಮಾತು ಉಳಿಸಿತು. ಚಳಿಗಾಲದ ನೀರು ತಿಳಿಯಾಗಿ ಬಂಡೆಗಳ ನಡುವೆ ಹೋಗುತ್ತಿತ್ತು. ಹೆಂಗಸರು ಬುರ್ಖಾ ಮೊಣಕಾಲಿನ ತನಕ ಎತ್ತಿ ನೀರಿನಲ್ಲಿ ಕಾಲು ಬಿಟ್ಟು ಕೂತರು. ಒಂದು ಮಿಂಚುಳ್ಳಿ ಮೀನು ಹಿಡಿದು ಎದುರಿನ ಬಂಡೆಗೆ ಬಡಿದು ನುಂಗಿತು. ಚಿಕ್ಕ ಹುಡುಗಿಯರ ಹಾಗೆ ಎಲ್ಲರೂ ಅದರ ಬಗ್ಗೆ ಮಧ್ಯಾಹ್ನವಿಡೀ ಮಾತಾಡಿದರು. ಜಿಜಾಬಾಯಿ ಕೂಡ ಗಡಿಯಾರ ನೋಡುವುದನ್ನು ಮರೆತಿದ್ದರು.

ಸಂಜೆ, ಭಾಲ್ಕಿಯಲ್ಲಿ ನಾವು ಇಳಿದುಕೊಂಡಿದ್ದ ವಾಡೆಯ ಕಟ್ಟೆಗೆ ಮನ್ಮಥಪ್ಪ ಬಂದ. ಮಾಂಜ್ರಾದ ಆಚೆ ದಂಡೆಯ ರೈತ. ಮರುದಿನ ಗಾಡಿ ತರಬೇಕಾದವನು ಅವನೇ. ಕಪ್ಪು ನೆಲದಲ್ಲಿ ಮೋಟಾರು ನಡೆಯುವುದಿಲ್ಲವಾದ್ದರಿಂದ ನದಿಯಿಂದ ಮಾಳದ ತನಕ ಅವನ ಗಾಡಿಗಳೇ ಗತಿ. ಹೆಗಲ ಮೇಲೆ ಬೆಲ್ಲದ ಪೆಂಟೆ, ಕೈಯಲ್ಲಿ ಹೊಸ ಸೀರೆಯ ಗಂಟು. ಸಾಲೆಯಲ್ಲಿ ಪಾಠ ಹೇಳುವವಳೆಂದು ಅವನು ನನ್ನನ್ನು ಉಸ್ತಾನಿಬಾಯಿ ಎನ್ನುತ್ತಿದ್ದ.

"ಉಸ್ತಾನಿಬಾಯಿ, ಮುಂಜಾನಿ ಮೂರ ಗಾಡಿ ನದಿ ದಂಡಿಗಿ ತರ್ತೇನ್ರಿ. ಒಂದರಾಗ ನಮ್ಮ ಅವ್ವಗ ಜರಾ ಜಾಗಾ ಬಿಡ್ರಿ. ಮತ್ತ ಹಾಂಡೆ ಇಡಲಾಕ."

"ಯಾವ ಹಾಂಡೆ?"

"ಭಜ್ಜಿದು."

"ಯಾವ ಭಜ್ಜಿ, ಮನ್ಮಥಪ್ಪ?"

ಅವನು ನಕ್ಕ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ. "ಎಳ್ಳ ಅಮಾಸಿದು ಅಲ್ಲೇನ್ರಿ. ನೀವ ಅಮಾಸಿ ಹಿಡದ ದಿನಾ ಗೊತ್ತ ಮಾಡೀರಿ ಅಂತ ಊರಾಗ ಎಲ್ಲಾರಿಗೂ ಖುಷಿ ಆಗ್ಯಾದ. ಹೈದರಾಬಾದ ಬೇಗಮ್ಮೋರು ಅಮಾಸಿ ಉಣ್ಣಲಾಕ ನಮ್ಮ ಹೊಲಕ್ಕ ಬರ್ತಾರ ಅಂತ ಅವ್ವ ಮಂದಿ ಮುಂದ ಹೇಳಿ ಹೇಳಿ ಗಂಟಲ ಕಟಗೊಂಡಾಳ."

ನಾನು ಕಟ್ಟೆಯ ಮೇಲೆ ಕೂತೆ.

ತಪ್ಪು ಹೇಗಾಯಿತೆಂದು ಕೂತಲ್ಲೇ ನನಗೆ ಕಾಣಿಸಿತು. ರಂಜಾನಿನ ಚಂದ್ರ ಕಾಣುವ ಮೊದಲು ಮನೆ ಮುಟ್ಟಿಸು ಎಂದು ಬೇಗಂ ಸಾಹೇಬಾ ಹೇಳಿದ್ದರು. ಆದಷ್ಟು ತಡವಾಗಿ ಇಟ್ಟರೆ ಚಳಿ ಹಿತವಾಗಿರುತ್ತದೆ ಎಂದು, ಅದಕ್ಕೆ ತಾಗಿಕೊಂಡ ಹಿಂದಿನ ದಿನಗಳನ್ನೇ ಹಿಡಿದೆ. ಅದನ್ನು ಸರಕಾರಿ ಫಸಲಿ ಲೆಕ್ಕದ ಬಹಮನ್ ತಿಂಗಳಿಗೆ ಇಳಿಸಿ ಸಾಲೆಗೆ ರಜೆ ಬರೆದೆ. ಇಂಗ್ಲಿಷ್ ತಾರೀಖಿಗೆ ತಿರುಗಿಸಿ ರೈಲಿನಲ್ಲಿ ಜಾಗ ಹೇಳಿದೆ. ಮೂರು ಲೆಕ್ಕವೂ ಸರಿಯಾಗಿದ್ದವು. ಮನೆಯ ಗೋಡೆಗೆ ತೂಗುಹಾಕಿದ್ದ ಪಂಚಾಂಗವನ್ನು ಮಾತ್ರ ನೋಡಿರಲಿಲ್ಲ. ಚಂದ್ರ ಕಾಣುವ ಮುಂಚಿನ ದಿನ ಚಂದ್ರನಿಲ್ಲದ ದಿನವೇ ಆಗಬೇಕಲ್ಲವೇ? ಅದೂ ಮಾರ್ಗಶಿರದ ಅಮಾವಾಸ್ಯೆ. ನಮ್ಮ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ ಉಣ್ಣುವ ದಿನ. ಪುಣೆಯಲ್ಲಿದ್ದ ವರ್ಷಗಳಲ್ಲಿ ಅದು ನನ್ನ ಬೆರಳ ಲೆಕ್ಕದಿಂದ ಬಿಟ್ಟುಹೋಗಿತ್ತು. ಅತ್ತೆಯಿಂದ ಹಿಡಿದು ಮನ್ಮಥಪ್ಪನ ತನಕ ಎಲ್ಲರಿಗೂ ದಿನ ಗೊತ್ತಿತ್ತು. ಓದಿದವಳು, ತಿಳಿದೇ ಇಟ್ಟಿರಬೇಕು ಎಂದು ಒಬ್ಬರೂ ಕೇಳಲಿಲ್ಲ.

"ಮಾಳಕ್ಕ ಎಷ್ಟೊತ್ತಿಗೆ ಮುಟ್ಟತೇವಿ?" ಎಂದು ಕೇಳಿದೆ.

"ನಾಳೆ ಹ್ಯಾಂಗ ಹೇಳಲಾಕ ಬರ್ತದ್ರಿ. ಹಾದಿ ಎಲ್ಲಾ ಹೊಲದಾಗಿಂದೇ ಅದ. ಪ್ರತಿ ಕೊಂಪಿ ಮುಂದ ಕರೀತಾರ. ಕರದ್ರ ಇಲ್ಲ ಅನಲಾಕ ಆಗ್ತದೇನು?"

"ಚಿಗರಿ?"

"ಮುಂಜಾನಿ ಮಂದಿ ಗಾಡಿ ಎಲ್ಲಾ ಮಾಳದ ಮ್ಯಾಲಿಂದೇ ಹಾಯ್ತಾವ್ರಿ. ಅವು ಯಾಕ ನಿಂದರ್ತಾವ?" ಎಂದು ಅವನು ಬೆಲ್ಲದ ಪೆಂಟೆ ಎತ್ತಿಕೊಂಡ. "ಚಿಗರಿ ಮತ್ತೊಂದ ದಿನಾನೂ ಇರ್ತಾವ. ಅಮಾಸಿ ವರ್ಷಕ್ಕೊಮ್ಮಿ."

ನನಗೆ ಮತ್ತೊಂದು ದಿನ ಇರಲಿಲ್ಲ. ಬೀದರಿನಿಂದ ರೈಲು ನಾಡಿದ್ದು ಬೆಳಿಗ್ಗೆ. ಆ ಸಂಜೆ ಅವರು ಹೈದರಾಬಾದಿನ ಮಾಳಿಗೆಯ ಮೇಲೆ ನಿಂತು ರಂಜಾನಿನ ಚಂದ್ರ ನೋಡಬೇಕು. ಏನೂ ಹೇಳದೆ ನಾಳೆ ಹೊರಟು, ಚಿಗರಿ ಸಿಗದಿದ್ದರೆ ತಪ್ಪನ್ನು ಪ್ರಾಣಿಗಳ ಮೇಲೆ ಹಾಕಿಬಿಡಬಹುದಿತ್ತು. ಅದು ಹೊಳೆಯಿತು ಎಂಬುದೇ ನನಗೆ ಸೇರಲಿಲ್ಲ. ಎದ್ದು ಒಳಗೆ ಹೋಗಿ, ದೀಪ ಹಚ್ಚುವ ಮೊದಲೇ ಬೇಗಂ ಸಾಹೇಬಾರಿಗೆ ಹೇಳಿದೆ.

"ದಿನ ಗೊತ್ತು ಮಾಡಿದ್ದು ನಾನು, ತಪ್ಪಿದ್ದೂ ನಾನು. ನಾಳೆ ಆ ಕಡೆಯ ಹೊಲಗಳ ತುಂಬ ಜನ. ಬೆಳಗಿನ ಹೊತ್ತು ಚಿಗರಿ ಮಾಳದ ಮೇಲೆ ಇರುವುದಿಲ್ಲ. ಆಮೇಲೆ ಬರುತ್ತವೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಡವೆಂದರೆ ಬೆಳಿಗ್ಗೆ ಬೀದರಿಗೆ ಹೋಗಿ, ನಾವು ಬಿಟ್ಟ ಕೋಟೆ ನೋಡಬಹುದು."

ಜಿಜಾಬಾಯಿ ಮೂಲೆಯಲ್ಲಿ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ನೀರ ಎರಡ ದಿನಾ ಮೊದಲ ಕುಡದ ನೋಡಿದ್ರಿ. ಪಂಚಾಂಗ ಒಂದ ಸಲಾ ತೆಗದ ನೋಡಲಾಕ ಆಗ್ಲಿಲ್ಲ," ಎಂದರು. ಅದು ಸರಿಯಾದ ಮಾತು.

ಬೇಗಂ ಸಾಹೇಬಾ ಕೇಳಿದರು: "ಚಿಗರಿಗಳೂ ಅಮಾವಾಸ್ಯೆ ಆಚರಿಸುತ್ತವೆಯೇ?"

"ಇಲ್ಲ."

"ಹಾಗಾದರೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತವೆ. ಹೋಗೋಣ. ಸಿಕ್ಕರೆ ನಿನ್ನ ಪುಣ್ಯ. ಸಿಗದಿದ್ದರೆ ಜಿಜಾಬಾಯಿ ನೋಡಿಟ್ಟ ಹುಡುಗಿ ಹೈದರಾಬಾದಿನಲ್ಲಿ ಕಾಯುತ್ತಿದ್ದಾಳೆ."

ಅವರು ಮುಗುಳ್ನಕ್ಕೇ ಹೇಳಿದ್ದರು. ಆದರೂ ಮಾತು ಮಾತೇ.

ಬೆಳಿಗ್ಗೆ ಮಾಂಜ್ರಾದ ದಂಡೆಯಲ್ಲಿ ಖಾಜಾ ಮಿಯಾ ಮೋಟಾರು ನಿಲ್ಲಿಸಿದ. ನೀರು ಮೊಣಕಾಲುದ್ದ. ಮೂರು ಗಾಡಿಗಳು ಎದುರು ದಂಡೆಯಿಂದ ಇಳಿದು ಬಂದವು. ಮೊದಲನೆಯದರಲ್ಲಿ ಹಾಂಡೆಗೆ ಒರಗಿ ಮನ್ಮಥಪ್ಪನ ತಾಯಿ ಅಂಜನಾಬಾಯಿ ಕೂತಿದ್ದಳು. ಹೊಸ ಸೀರೆ, ಹಣೆಯ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. ಬೇಗಂ ಸಾಹೇಬಾರ ಕೈ ಹಿಡಿದು ಗಾಡಿಗೆ ಎಳೆದುಕೊಂಡು, ಬುರ್ಖಾದ ಮೇಲಿನಿಂದಲೇ ತೋಳು ಒತ್ತಿ ನೋಡಿ ನನಗೆ ಹೇಳಿದಳು:

"ಇಷ್ಟ ಸೊರಗ್ಯಾರಲ್ಲ ತಂಗಿ. ಹೈದರಾಬಾದದಾಗ ಊಟಕ್ಕ ಹಾಕಲ್ಲೇನು?"

ನಾನು ಅದನ್ನು ಉರ್ದುವಿಗೆ ತಿರುಗಿಸಿದೆ. ಬುರ್ಖಾದ ಒಳಗಿನಿಂದ ನಗು ಬಂತು.

ಮನ್ಮಥಪ್ಪ ಹೇಳಿದ ಹಾಗೆಯೇ ಆಯಿತು. ಮೊದಲ ಹೊಲದಲ್ಲಿ ಗಾಡಿ ನಿಂತಿತು. ಜೋಳದ ದಂಟಿನಿಂದ ಕಟ್ಟಿದ ಸಣ್ಣ ಗುಡಿಸಲು, ಅದೇ ಕೊಂಪಿ. ಅದರೊಳಗೆ ಪಾಂಡವರೆಂದು ಸುಣ್ಣ ಬಳಿದ ಐದು ಕಲ್ಲು. ಅಂಬಲಿ ಕೊಟ್ಟರು, ಕುಡಿದೆವು. ಎರಡನೆಯ ಹೊಲದಲ್ಲಿ ಹೋಳಿಗೆ. ಮುಂದಿನದರಲ್ಲಿ ನೀರೂ ಕುಡಿಯದೆ ಹೋಗುತ್ತೀರಾ ಎಂದು ಒಬ್ಬ ಮುದುಕ ಎತ್ತಿನ ಹಗ್ಗವನ್ನೇ ಹಿಡಿದ. ಪರದೆಯ ಹೆಂಗಸರೆಂದು ಗಂಡಸರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಹೆಂಗಸರು ಬಂದು ಮಡಿಲಿಗೆ ಹಸಿ ಕಡಲೆ, ಬಾರೆಹಣ್ಣು ಸುರಿಯುತ್ತಿದ್ದರು. ಜಿಜಾಬಾಯಿ ಗಡಿಯಾರ ತೆಗೆಯುವುದು, ನೋಡುವುದು, ನನ್ನನ್ನು ನೋಡುವುದು, ಮತ್ತೆ ಸಿಕ್ಕಿಸಿಕೊಳ್ಳುವುದು ನಡೆದಿತ್ತು.

ಮನ್ಮಥಪ್ಪನ ಹೊಲ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊಲದ ಅಂಚಿನಿಂದಲೇ ಮಾಳ ಏರುತ್ತಿತ್ತು: ಒಣಹುಲ್ಲಿನ ಉದ್ದನೆಯ ಬೆನ್ನು, ನಡುವೆ ಒಂದು ಕಲ್ಲುಗುಂಪೆ, ಮರವಿಲ್ಲ. ಅದರ ಮೇಲೆ ಗಾಡಿಯ ಗಾಲಿಯ ಗೆರೆಗಳು ಮಾತ್ರ ಇದ್ದವು. ಒಂದು ಚಿಗರಿಯೂ ಇರಲಿಲ್ಲ.

ಬೇಗಂ ಸಾಹೇಬಾ ಗಾಡಿಯಿಂದ ಇಳಿದು, ಮುಖದ ಜಾಲಿ ಎತ್ತಿ ಆ ಮಾಳವನ್ನು ಒಂದು ಸಲ ನೋಡಿದರು. ಜಾಲಿ ಇಳಿಸಿ ಕೊಂಪಿಯ ನೆರಳಿಗೆ ಹೋಗಿ ಕೂತರು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಕೂರಲಿಲ್ಲ. ನನಗೆ ಚಿಂತೆಯಾದಾಗ ಕಣ್ಣು ಹೆಚ್ಚು ಚುರುಕಾಗುತ್ತದೆ; ಒಳ್ಳೆಯ ಗುಣವೋ ರೋಗವೋ ಗೊತ್ತಿಲ್ಲ. ಬದುವಿನ ಮೇಲೆ ನಿಂತು ಸುತ್ತ ನೋಡುತ್ತಿದ್ದೆ. ಮಾಳದ ಎರಡೂ ಬದಿಗೆ ಆಳೆತ್ತರದ ಜೋಳ, ತೊಗರಿ. ದೂರದಲ್ಲಿ, ನದಿಯ ಕಡೆಯ ಒಂದು ಹೊಲದಲ್ಲಿ ಪೂಜೆ ಬೇಗ ಮುಗಿದಿರಬೇಕು. ಆ ಮನೆಯವರು ಚರಗ ಚೆಲ್ಲಲು ಹೊರಟರು. ಒಬ್ಬ ಮುಂದೆ ಅನ್ನ ಭಜ್ಜಿಯ ತುತ್ತು ಬೆಳೆಗೆ ಬೀರುತ್ತ, ಒಬ್ಬ ಹಿಂದೆ ನೀರು ಚಿಮುಕಿಸುತ್ತ, ಎಲ್ಲರೂ ಸೇರಿ "ಓಲಗ್ಯಾ, ಓಲಗ್ಯಾ" ಎಂದು ಕೂಗುತ್ತ ಹೊಲವನ್ನು ಸುತ್ತತೊಡಗಿದರು. ಅವರು ಆ ತುದಿಗೆ ಮುಟ್ಟಿದಾಗ ಈ ತುದಿಯ ಜೋಳ ಅಲುಗಿತು. ಒಂದು ಹೆಣ್ಣು ಚಿಗರಿ ಹೊರಗೆ ಬಂದು, ಕಿವಿ ನಿಮಿರಿಸಿ, ಮಾಳದ ಕಡೆ ನಡೆದು, ಒಬ್ಬಂಟಿಯೆಂದು ಅಂಜಿ ಮತ್ತೆ ತೊಗರಿಯೊಳಗೆ ಹೊಕ್ಕಿತು.

ಅಷ್ಟು ಸಾಕಾಗಿತ್ತು. ಬೆಳಿಗ್ಗೆ ಗಾಡಿಗಳು ಮಾಳದ ಮೇಲೆ ಹಾಯ್ದಾಗ ಅವು ಬೆಳೆಯೊಳಗೆ ಇಳಿದಿವೆ. ಈಗ ಒಂದೊಂದೇ ಹೊಲದಲ್ಲಿ ಕೂಗಿದರೆ ಒಂದು ಹೊಲದಿಂದ ಇನ್ನೊಂದಕ್ಕೆ ಸರಿಯುತ್ತವೆ. ಎಲ್ಲ ಹೊಲಗಳಲ್ಲೂ ಒಟ್ಟಿಗೆ ಕೂಗಿದರೆ ಮನುಷ್ಯರಿಲ್ಲದ ಜಾಗವೆಂದು ಉಳಿಯುವುದು ಮಾಳವೊಂದೇ.

ನಾನು ಅಂಜನಾಬಾಯಿಯ ಹತ್ತಿರ ಹೋದೆ. ಅವಳು ಹಾಂಡೆಯ ಬಾಯಿ ಬಿಚ್ಚುತ್ತಿದ್ದಳು.

"ಆಯಿ, ನಿಮ್ಮ ಚರಗ ಇನ್ನೂ ಆಗಿಲ್ಲಲ್ಲ?"

"ಈಗ ಹೊಂಡ್ತಾರ ತಂಗಿ. ಚರಗ ಆದಮ್ಯಾಗೇ ಊಟ."

"ಜರಾ ತಡೀರಿ. ಇವರನ್ನ ಮಾಳದ ಕಲ್ಲಗುಂಪೆ ತನಕ ಕರಕೊಂಡ ಹೋಗಿ ಕೂಡಿಸ್ತೇನಿ. ನಾವು ಕೂತಮ್ಯಾಗ ನೀವು ಶುರು ಮಾಡ್ರಿ. ಆಜೂಬಾಜೂ ಹೊಲದವರಿಗೂ ಹೇಳ್ರಿ, ಎಲ್ಲಾರೂ ಒಮ್ಮೆಲೇ."

ಅವಳ ಕೈ ನಿಂತಿತು. "ಮನಿಗಿ ಬಂದವರು ಉಣ್ಣದೆ ಎದ್ದ ಹೋಗತಾರ? ಅದೂ ಅಮಾಸಿ ದಿನಾ? ಮಂದಿ ನೋಡಿದ್ರ ಏನಂತಾರ. ಅಂಜನಾಬಾಯಿ ಭಜ್ಜಿ ಹಳಸ್ಯಾದ ಅಂತಾರ."

"ಉಣ್ಣಲಾಕ ಬಂದೇ ಬರ್ತಾರ. ನಾ ಹೇಳ್ತೇನಿ."

"ನಿನ್ನೆ ತನಕ ಅಮಾಸಿ ಎಂದದ ಅಂತೇ ನಿನಗ ಗೊತ್ತಿರ್ಲಿಲ್ಲಂತ. ಮನ್ಮಥ ಹೇಳ್ದ. ನಿನ್ನ ಮಾತ ಹ್ಯಾಂಗ ನಂಬಲಿ?"

ಆ ಸುದ್ದಿ ನನಗಿಂತ ಮೊದಲೇ ನದಿ ದಾಟಿತ್ತು. ನಾನು ಮಾತು ಆರಿಸಿಕೊಂಡು ಹೇಳಿದೆ: "ದಿನದ ಲೆಕ್ಕ ತಪ್ಪೇನಿ, ಖರೆ. ಈಗ ಕಣ್ಣಾರೆ ನೋಡಿ ಹೇಳ್ತೇನಿ. ಅವರು ಗ್ವಾಡಿ ಮ್ಯಾಗ ಸತ್ತ ಚಿಗರಿ ನೋಡ್ಕೋತ ಮೂವತ್ತ ವರ್ಷ ಉಂಡಾರ ಆಯಿ. ಒಂದ ಸಲಾ ಜೀವದ್ದ ನೋಡಿ ಬಂದು ಉಣ್ಣಲಿ."

ಅಂಜನಾಬಾಯಿ ಕೊಂಪಿಯ ನೆರಳಲ್ಲಿ ಕೂತಿದ್ದ ಕಪ್ಪು ಬುರ್ಖಾವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹಾಂಡೆಯ ಬಾಯಿ ಮತ್ತೆ ಕಟ್ಟಿದಳು.

"ಹೋಗ್ರಿ. ಅವರು ಬಂದು ಉಣ್ಣೂತನ ನಾನೂ ಉಣ್ಣಲ್ಲ ಅಂತ ಹೇಳವರಿಗಿ." ಎದ್ದು, ಬದುವಿನ ಮೇಲೆ ಹತ್ತಿ, ಗಂಟಲು ಕಟ್ಟಿದೆ ಎಂದವರಿಗೆ ನಂಬಿಕೆಯಾಗದಂಥ ದನಿಯಲ್ಲಿ ಪಕ್ಕದ ಹೊಲಕ್ಕೆ ಕೂಗಿದಳು. ಪಕ್ಕದ ಹೊಲದಾಕೆ ತನ್ನ ಪಕ್ಕದವಳಿಗೆ ಕೂಗಿದಳು. ಮಾತು ಕೊಂಪಿಯಿಂದ ಕೊಂಪಿಗೆ ಮಾಳವನ್ನು ಸುತ್ತಿಕೊಂಡು ಹೋಯಿತು.

ಕಲ್ಲುಗುಂಪೆ ಬಹಳ ದೂರ ಇರಲಿಲ್ಲ. ಆದರೆ ಅರ್ಧ ದಾರಿಯಲ್ಲಿ ನನಗೆ ಜಿಜಾಬಾಯಿಯ ಸೀರೆ ಕಣ್ಣಿಗೆ ಹೊಡೆಯಿತು. ಒಣಹುಲ್ಲಿನ ನಡುವೆ ಆ ಬಿಳುಪು ಮೈಲಿನಿಂದ ಕಾಣುವಂಥದು. ನನ್ನದು ಹಳದಿ, ಅದೂ ಕಡಿಮೆಯೇನಲ್ಲ. ಬುರ್ಖಾದ ಹೆಂಗಸರು ಕೂತರೆ ಕರಿಕಲ್ಲಿನ ಹಾಗೇ ಇರುತ್ತಾರೆ. ನಾನು ಬೇಗಂ ಸಾಹೇಬಾರ ಕಿವಿಯಲ್ಲಿ ಹೇಳಿದೆ. ಅವರು ನಿಂತು, ತಮ್ಮ ಜೊತೆಯ ಇಬ್ಬರಿಂದ ಚಳಿಗೆಂದು ಮೇಲೆ ತೊಟ್ಟಿದ್ದ ಹೆಚ್ಚಿನ ಬುರ್ಖಾಗಳನ್ನು ಬಿಚ್ಚಿಸಿದರು. ಒಂದನ್ನು ನಾನು ತೊಟ್ಟು, ಇನ್ನೊಂದನ್ನು ಜಿಜಾಬಾಯಿಯ ಮುಂದೆ ಹಿಡಿದೆ.

"ನಾ ತೊಡೂದಿಲ್ಲ," ಎಂದರು ಜಿಜಾಬಾಯಿ.

"ಹಂಗಾದ್ರ ಇಲ್ಲೇ ಕೂಡ್ರಿ. ನಿಮ್ಮನ್ನ ನೋಡಿ ಒಂದೂ ಬರೂದಿಲ್ಲ."

"ಶಿವಕಾಂತಾಬಾಯಿ, ನಾ ಮೂವತ್ತ ವರ್ಷ ಮಾಸ್ತರಕಿ ಮಾಡೇನಿ. ನನಗ ಇಷ್ಟ ಚೇಷ್ಟಿ ಯಾರೂ ಮಾಡಿಲ್ಲ." ಅಷ್ಟು ಹೇಳಿ ಅವರು ಎರಡೂ ಕೈ ಎತ್ತಿ ನಿಂತರು. ನಾನು ಮೇಲಿನಿಂದ ಇಳಿಸಿ ಗುಂಡಿ ಹಾಕಿದೆ. ಅವರ ಮುಖ ಒಳಗೆ ಮರೆಯಾಯಿತು. "ಒಳಗ ಬೆಚ್ಚಗ ಅದ," ಎಂದು ಕೇಳಿಸಿತು.

ಎಲ್ಲರೂ ಗುಂಪೆಯ ಕಲ್ಲುಗಳ ನಡುವೆ ಅಲ್ಲೊಬ್ಬರು ಇಲ್ಲೊಬ್ಬರು ಮೊಣಕಾಲು ಮಡಿಸಿ ಕೂತೆವು. ನಾನು ಒಂದು ಕರವಸ್ತ್ರವನ್ನು ಕಲ್ಲಿನ ಮೇಲಿಟ್ಟು ಅಂಜನಾಬಾಯಿಗೆ ಗುರುತು ತೋರಿಸಿ, ಮತ್ತೆ ತೆಗೆದುಕೊಂಡೆ. ಬಿಸಿಲಿಗೆ ಕಲ್ಲು ಕಾದಿತ್ತು. ಯಾರೂ ಅಲುಗಲಿಲ್ಲ.

ಮೊದಲು ಮನ್ಮಥಪ್ಪನ ಹೊಲದಿಂದ ಕೂಗು ಎದ್ದಿತು. ಕೂಡಲೇ ಎಡಗಡೆಯಿಂದ, ಬಲಗಡೆಯಿಂದ, ನಮ್ಮ ಬೆನ್ನ ಹಿಂದಿನಿಂದ. ಗಂಡಸರ ದಪ್ಪ ದನಿ, ಮಕ್ಕಳ ಕೀರಲು ದನಿ, "ಓಲಗ್ಯಾ, ಓಲಗ್ಯಾ" ಎಂಬುದು ಮಾಳದ ಸುತ್ತ ಬೇಲಿಯ ಹಾಗೆ ತಿರುಗತೊಡಗಿತು. ಜೋಳದ ತೆನೆಗಳು ಅಲ್ಲಲ್ಲಿ ಅಲುಗಿದವು. ಇನ್ನು ಬರದಿದ್ದರೆ ಬರುವುದೇ ಇಲ್ಲ ಎನ್ನುವಷ್ಟರಲ್ಲಿ ನದಿಯ ಕಡೆಯ ತೊಗರಿಯಿಂದ ಅದೇ ಹೆಣ್ಣು ಹೊರಬಂತು. ಅದರ ಹಿಂದೆ ಇನ್ನೊಂದು. ಆಮೇಲೆ ಜೋಳದ ಇಡೀ ಅಂಚು ಒಡೆದ ಹಾಗಾಯಿತು.

ಅವು ಓಡಿ ಬರಲಿಲ್ಲ. ಕೆಲವು ನಡೆದು ಬಂದವು, ಕೆಲವು ಸುಮ್ಮನೆ ಒಂದೆರಡು ಸಲ ಮೇಲಕ್ಕೆ ನೆಗೆದು, ನೆಲ ಇನ್ನೂ ಅಲ್ಲೇ ಇದೆಯೇ ಎಂದು ನೋಡಿದಂತೆ ಇಳಿದು, ಮತ್ತೆ ನಡೆದವು. ಎರಡೂ ಬದಿಯಿಂದ ಬಂದು ಮಾಳದ ಬೆನ್ನಿನ ಮೇಲೆ ಕೂಡಿದವು. ಕೊನೆಗೆ ಬಂದದ್ದು ಹಿರಿಯ ಗಂಡು: ಮೇಲೆ ಕಾಡಿಗೆಯಂಥ ಕಪ್ಪು, ಹೊಟ್ಟೆ ಬಿಳುಪು, ಸುತ್ತು ಹಾಕಿದ ಕೊಂಬು. ಅದು ನಮ್ಮ ಗುಂಪೆಯ ತೀರ ಹತ್ತಿರ, ಬೇಗಂ ಸಾಹೇಬಾ ಕೂತ ಕಲ್ಲಿನ ಎದುರಿಗೇ ಬಂದು ನಿಂತು, ಗಾಳಿ ಮೂಸಿತು. ಅವರು ಜಾಲಿಯೊಳಗಿನಿಂದ ಅದನ್ನು ನೋಡಿದರು. ಅದೂ ಅವರನ್ನು ನೋಡಿತು. ಆಮೇಲೆ ತಲೆ ತಗ್ಗಿಸಿ ಹುಲ್ಲು ಮೇಯತೊಡಗಿತು.

ಕೂಗು ನಿಂತ ಮೇಲೂ ನಾವು ಬಹಳ ಹೊತ್ತು ಏಳಲಿಲ್ಲ. ಬೇಗಂ ಸಾಹೇಬಾ ಎದ್ದ ಮೇಲೆ ಹೇಳಿದ ಮೊದಲ ಮಾತು ಇದು:

"ಕಣ್ಣು ತಪ್ಪು ಹಾಕಿದ್ದಾರೆ."

"ಯಾರು?"

"ನಮ್ಮ ಮನೆಯ ಚಿಗರಿಗಳಿಗೆ ಗಾಜಿನ ಕಣ್ಣು ಕೂರಿಸಿದವನು. ಹಳದಿ ಹಾಕಿದ್ದಾನೆ, ಬೆಕ್ಕಿನ ಹಾಗೆ. ಇವುಗಳದು ಕಪ್ಪು, ತೊಯ್ದ ಹಾಗಿದೆ. ಊರಿಗೆ ಹೋದ ಕೂಡಲೇ ಅವನ್ನೆಲ್ಲ ಗೋಡೆಯಿಂದ ಇಳಿಸುತ್ತೇನೆ."

ಹೊಲಕ್ಕೆ ಇಳಿದು ಬಂದಾಗ ಅಂಜನಾಬಾಯಿ ಹಾಂಡೆಯ ಮುಂದೆ ಕಾಲು ಚಾಚಿ ಕೂತಿದ್ದಳು. ಉಂಡಿರಲಿಲ್ಲ. ಮೊದಲ ತುತ್ತು ಭಜ್ಜಿಯನ್ನು ಬೇಗಂ ಸಾಹೇಬಾರ ಅಂಗೈಗೆ ತಾನೇ ಹಾಕಿದಳು. ಅವರು ಉಂಡ ಮೇಲೆ ತನ್ನ ತುತ್ತು ಎತ್ತಿದಳು. ನಾನು ಅತ್ತೆಯ ಬುಟ್ಟಿ ಬಿಚ್ಚಿದೆ. ಬಂದವರು ಹೋದವರು ಎಲ್ಲರೂ ತಿಂದರು.

ಊಟದ ನಡುವೆ ಜಿಜಾಬಾಯಿ ಜಾಲಿ ಎತ್ತಿದರು. ಬುರ್ಖಾ ಇನ್ನೂ ತೆಗೆದಿರಲಿಲ್ಲ. "ಶಿವಕಾಂತಾಬಾಯಿ, ಒಂದ ಸವಾಲ. ಮುಂದಿನ ವರ್ಷ ಇದೇ ಮಾಳಕ್ಕ, ಇದೇ ಅಮಾಸಿಗಿ ಬರೂದು ಅಂದ್ರ ಯಾವಾಗ? ಕಾಗದಾ ನೋಡೂ ಹಂಗಿಲ್ಲ."

ಅದು ಪರೀಕ್ಷೆಯೆಂದು ಎಲ್ಲರಿಗೂ ಗೊತ್ತಿತ್ತು. ಬೇಗಂ ಸಾಹೇಬಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ನಾನು ಎಡಗೈಯ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಇಟ್ಟು ಎಣಿಸಿದೆ. ಈ ಸಲ ನಾಲ್ಕೂ ಲೆಕ್ಕ.

"ಮುಂದಿನ ವರ್ಷ ಹನ್ನೊಂದ ದಿನಾ ಮೊದಲ ಬರ್ತದ. ಬಹಮನ್ ಹತ್ತರ ಸುಮಾರು. ರಂಜಾನೂ ಅಷ್ಟೇ ಮೊದಲ ಬರ್ತದ. ಅಂದ್ರ ಮುಂದಿನ ವರ್ಷಾನೂ ರಂಜಾನ್ ಚಂದ್ರಕ್ಕಿಂತ ಮೊದಲೇ ಅಮಾಸಿ. ಬೇಗಂ ಸಾಹೇಬಾ ಬಂದು, ಉಂಡು, ಚಂದ್ರ ಕಾಣೂದ್ರೊಳಗ ಮನಿ ಮುಟ್ಟಬಹುದು."

"ಅದರ ಆಚೆ ವರ್ಷ?" ಜಿಜಾಬಾಯಿ ಬಿಡುವವರಲ್ಲ.

"ಅದರ ಆಚೆ ವರ್ಷ ನಮ್ಮ ಪಂಚಾಂಗದಾಗ ಅಧಿಕ ಮಾಸ ಬರ್ತದ. ನಮ್ಮ ಅಮಾಸಿ ಒಂದ ತಿಂಗಳ ಹಿಂದ ಉಳೀತದ, ರಂಜಾನ್ ಮುಂದ ಹೋಗ್ತದ. ಅಮಾಸಿ ರಂಜಾನಿನ ಕೊನೀಗಿ ಬೀಳ್ತದ, ಈದ್ ಇನ್ನೇನ ಬಂತು ಅನ್ನೂವಾಗ. ಆ ದಿನಾ ಇವರಿಗೆಲ್ಲಾ ರೋಜಾ ಇರ್ತದ, ಬರಲಾಕ ಆಗೂದಿಲ್ಲ."

ಜಿಜಾಬಾಯಿ ಮನಸ್ಸಿನಲ್ಲೇ ಒಮ್ಮೆ ಕೂಡಿ ಕಳೆದು ನೋಡಿದರು. ಆಮೇಲೆ ಬೇಗಂ ಸಾಹೇಬಾರ ಕಡೆ ತಿರುಗಿ, ತಮ್ಮ ಒಳ್ಳೆಯ ಉರ್ದುವಿನಲ್ಲಿ, "ಲೆಕ್ಕ ಸರಿಯಾಗಿದೆ. ಹೈದರಾಬಾದಿನ ಹುಡುಗಿಗೆ ನಾನೇ ಹೇಳುತ್ತೇನೆ," ಎಂದರು.

"ವೆರೂಳಿಗೆ ಎಂದು ಹೋಗುವುದು ಒಳ್ಳೆಯದು, ಅದನ್ನೂ ಎಣಿಸಿ ಇಟ್ಟುಕೋ," ಎಂದು ಬೇಗಂ ಸಾಹೇಬಾ ನನಗೆ ಹೇಳಿ, ರೊಟ್ಟಿ ಮುರಿದರು.

ನಾನು ತಲೆಯಾಡಿಸಿದೆ.

ಅಂಜನಾಬಾಯಿಗೆ ಈ ಮಾತುಗಳಲ್ಲಿ ಅರ್ಧ ತಿಳಿದಿತ್ತು. "ಮೂರನೇ ವರ್ಷ ಯಾಕ ಬರಲ್ಲಂತ ಅವರು?" ಎಂದು ನನ್ನ ಮೊಣಕೈ ತಿವಿದಳು.

"ಆ ದಿನಾ ಅವರು ಸಂಜಿತನಕ ಏನೂ ಉಣ್ಣಲ್ಲ ಆಯಿ. ನೀರೂ ಕುಡಿಯಲ್ಲ."

ಅವಳು ಹಾಂಡೆಯೊಳಗೆ ಸೌಟು ಇಳಿಸಿ, ಎಷ್ಟು ಉಳಿದಿದೆಯೆಂದು ನೋಡಿದಳು.

"ಅದಕೇನಾತು. ಚಿಗರಿ ನೋಡಲಾಕ ಬಾಯಿ ಬೇಕೇನು? ನೋಡಿ ಬರ್ಲಿ. ಹೊತ್ತ ಮುಣಗೂತನ ನಾ ಹಾಂಡೆ ಬೆಚ್ಚಗ ಇಡ್ತೇನಿ ಅಂತ ಹೇಳು."

ನಾನು ಹೇಳಿದೆ.